ಸ್ಪೀಡೋಮೀಟರ್ ಮುಳ್ಳು ಕುಣಿದರೆ ಮೊದಲು ಕೇಬಲ್ ನೋಡಿ

ಹಳೆಯ ಅಂಬಾಸಿಡರ್, ಪದ್ಮಿನಿಗಳಲ್ಲಿ ಸ್ಪೀಡೋಮೀಟರ್ ಕೆಟ್ಟಿತೆಂದರೆ ಹೆಚ್ಚಿನವರು ನೇರವಾಗಿ ಮೀಟರನ್ನೇ ಬಿಚ್ಚಿಸುತ್ತಾರೆ. ನಾನು ನೋಡಿದ ಗಾಡಿಗಳಲ್ಲಿ ಬಹುಪಾಲು ದೋಷ ಇದ್ದದ್ದು ಗೇರ್‌ಬಾಕ್ಸ್‌ನ ತಿರುಗುವಿಕೆಯನ್ನು ಮೀಟರ್‌ಗೆ ಒಯ್ಯುವ ಕೇಬಲ್‌ನಲ್ಲಿ. ಹಾಗಾಗಿ ಮೀಟರ್ ತೆರೆಯುವುದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಗಾಡಿ ಓಡಿಸುತ್ತಲೇ ಅರ್ಧ ರೋಗ ಗೊತ್ತಾಗುತ್ತದೆ. ಮುಳ್ಳು ಮತ್ತು ಕಿಲೋಮೀಟರ್ ಅಂಕಿ ಎರಡನ್ನೂ ಒಟ್ಟಿಗೆ ಗಮನಿಸಬೇಕು. ಎರಡೂ ಕೇಬಲ್ ತಿರುಗಿಸುವ ಒಂದೇ ದಂಡದಿಂದ ನಡೆಯುತ್ತವೆ, ಆದರೆ ಅಂಕಿಗಳನ್ನು ತಿರುಗಿಸುವುದು ಹಲ್ಲಿನ ಚಕ್ರಗಳು. ಮುಳ್ಳಿಗೆ ಅಂಥ ಜೋಡಣೆ ಇಲ್ಲ. ದಂಡದ ತುದಿಯ ಮ್ಯಾಗ್ನೆಟ್ ತಿರುಗಿದಾಗ ಪಕ್ಕದಲ್ಲಿ ಮುಳ್ಳಿಗೆ ಜೋಡಿಸಿದ ಅಲ್ಯೂಮಿನಿಯಂ ಬಟ್ಟಲಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲನ್ನು ಎಳೆಯುತ್ತದೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಮುಳ್ಳು, ಅಂಕಿ ಎರಡೂ ನಿಂತಿದ್ದರೆ ಸಾಮಾನ್ಯವಾಗಿ ಕೇಬಲ್ ತುಂಡಾಗಿರುತ್ತದೆ ಇಲ್ಲವೇ ಗೇರ್‌ಬಾಕ್ಸ್‌ನ ಪಿನಿಯನ್ (ಕೇಬಲ್ ತಿರುಗಿಸುವ ಸಣ್ಣ ಹಲ್ಲಿನ ಚಕ್ರ) ಸವೆದಿರುತ್ತದೆ. ಒಂದು ನಡೆದು ಇನ್ನೊಂದು ನಿಂತಿದ್ದರೆ ತೊಂದರೆ ಮೀಟರ್ ಒಳಗೇ ಇದೆ. ಮುಳ್ಳು 20–40ರ ನಡುವೆ ಕುಣಿಯುತ್ತಿದ್ದರೆ ಕೇಬಲ್ ಒಣಗಿದೆ, ಇಲ್ಲವೇ ಎಲ್ಲೋ ಮಡಿಚಿಕೊಂಡಿದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಡಿ ಹೆಚ್ಚು ಹೊತ್ತು ಇರುವುದೇ ಆ ವೇಗದಲ್ಲಿ, ಹಾಗಾಗಿ ಈ ದೋಷ ಬೇಗ ಕಣ್ಣಿಗೆ ಬೀಳುತ್ತದೆ.

ಮೀಟರ್ ಹಿಂದಿನ ನಟ್ ಬಿಚ್ಚಿ ಒಳತಂತಿಯನ್ನು ಹೊರಗೆಳೆಯಿರಿ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮಧ್ಯಭಾಗವನ್ನು ಕಮಾನಿನಂತೆ ಇಳಿಬಿಟ್ಟು, ಬೆರಳಲ್ಲಿ ನಿಧಾನವಾಗಿ ತಿರುವಿ. ತಂತಿ ಸರಿಯಿದ್ದರೆ ಒಂದೇ ಸಮನೆ ತಿರುಗುತ್ತದೆ. ಮಡಿಕೆ ಇದ್ದರೆ ಸ್ವಲ್ಪ ತಡೆದು, ಆಮೇಲೆ ಪಟ್ಟನೆ ಮಗುಚುತ್ತದೆ. ಮುಳ್ಳನ್ನು ಕುಣಿಸುವುದು ಆ ಮಗುಚುವಿಕೆಯೇ. ಇಂಥ ತಂತಿಯನ್ನು ನೇರ ಮಾಡಲು ಹೋಗಬೇಡಿ, ಹೊಸದು ಹಾಕಿ. ತುದಿಯ ಚೌಕದ ಮೂಲೆಗಳು ಉರುಟಾಗಿದ್ದರೂ ಅಷ್ಟೇ. ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹಳೆಯ ಕೇಬಲನ್ನೇ ಒಯ್ದು ಉದ್ದ, ಚೌಕದ ಅಳತೆ, ನಟ್‌ನ ಮರೆ (ಥ್ರೆಡ್) ಮೂರನ್ನೂ ತಾಳೆ ನೋಡಿ ತನ್ನಿ.

ತಂತಿಯ ಮೇಲ್ತುದಿಯಲ್ಲಿ ಗೇರ್ ಆಯಿಲ್ ಇದ್ದರೆ ಪಿನಿಯನ್ ಆಯಿಲ್ ಸೀಲ್ ಹೋಗಿದೆ. ಸುರುಳಿ ಸುತ್ತಿದ ತಂತಿ ತಿರುಗುತ್ತಾ ಎಣ್ಣೆಯನ್ನು ಮೀಟರ್‌ವರೆಗೂ ಏರಿಸುತ್ತದೆ. ಮ್ಯಾಗ್ನೆಟ್‌ಗೂ ಬಟ್ಟಲಿಗೂ ನಡುವೆ ಎಣ್ಣೆ ಸೇರಿದರೆ ಅವೆರಡೂ ಅಂಟಿಕೊಂಡು ಮುಳ್ಳು ಸಿಕ್ಕಾಪಟ್ಟೆ ಮೇಲೆ ಹೋಗಿ ನಿಲ್ಲುತ್ತದೆ. ಸೀಲ್ ಬದಲಿಸದೆ ಹೊಸ ಕೇಬಲ್ ಹಾಕಿದರೆ ಅದೂ ಎಣ್ಣೆ ಏರಿಸುತ್ತದೆ.

ಗ್ರೀಸ್ ವಿಷಯದಲ್ಲೂ ಇದೇ ಎಚ್ಚರ ಬೇಕು. ತಂತಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತೆಳುವಾಗಿ ಗ್ರೀಸ್ ಸವರಿ. ಮೀಟರ್ ಕಡೆಯ 20 ಸೆಂ.ಮೀ. ಮಾತ್ರ ಒಣಗಿರಲಿ. ತಂತಿ ಕೆಳಗೆ ಸರಿಯಾಗಿ ಕೂತಾಗ ಮೇಲ್ತುದಿ ಕವಚದಿಂದ ಸುಮಾರು 10 ಮಿ.ಮೀ. ಹೊರಗಿರಬೇಕು. ಕವಚದ ಯಾವ ತಿರುವೂ 15 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿರಬಾರದು, ನಟ್‌ನಿಂದ 5 ಸೆಂ.ಮೀ.ವರೆಗೆ ನೇರವಾಗಿರಬೇಕು. ನಟ್ ಕೈಯಲ್ಲೇ ಬಿಗಿಯಾದರೆ ಸಾಕು, ಇಕ್ಕಳ ಹಾಕಬೇಡಿ.

ಇಷ್ಟಾದ ಮೇಲೂ ವೇಗ ತಪ್ಪು ತೋರಿಸಿದರೆ ತುಮಕೂರು ರಸ್ತೆಯಂಥ ಕಡೆ, ಫೋನಿನ ಜಿಪಿಎಸ್ ಹಾಕಿಕೊಂಡು 10 ಕಿ.ಮೀ. ಓಡಿಸಿ ಅಂಕಿ, ಮುಳ್ಳು ಎರಡನ್ನೂ ತಾಳೆ ನೋಡುತ್ತೇನೆ. ಅಂಕಿಗೂ ಮ್ಯಾಗ್ನೆಟ್‌ಗೂ ಸಂಬಂಧವಿಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಟೈರ್ ಅಳತೆ ಬೇರೆಯಾಗಿದೆ, ಇಲ್ಲವೇ ಯಾರೋ ಬೇರೆ ಗೇರ್‌ಬಾಕ್ಸೋ ಬೇರೆ ಡಿಫರೆನ್ಷಿಯಲ್ಲೋ ಹಾಕಿದ್ದಾರೆ. ಖಚಿತಪಡಿಸಿಕೊಳ್ಳಲು ಕೇಬಲನ್ನು ಮೀಟರ್‌ನಿಂದ ಬಿಡಿಸಿ, ತಂತಿಯ ತುದಿಗೆ ಕಾಗದದ ಚೂರು ಅಂಟಿಸಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಸಮತಟ್ಟಾದ ಜಾಗದಲ್ಲಿ ನೇರವಾಗಿ 10 ಮೀಟರ್ ತಳ್ಳಿಸಿ ಸುತ್ತು ಎಣಿಸಿ. ಕಾಲುಸುತ್ತನ್ನೂ ಬಿಡಬೇಡಿ. ಅದನ್ನು 100ರಿಂದ ಗುಣಿಸಿದರೆ ಕಿಲೋಮೀಟರಿಗೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. ಮೈಲಿಗೆ 1000 ಸುತ್ತಿನ ಮೀಟರ್‌ಗೆ ಇದು 621 ಇರಬೇಕು, ಅಂದರೆ 10 ಮೀಟರಿಗೆ ಆರೂಕಾಲು ಸುತ್ತಿನ ಹತ್ತಿರ. ಎಷ್ಟೋ ಮೀಟರ್‌ಗಳ ಮುಖದ ಮೇಲೆಯೇ ಈ ಸಂಖ್ಯೆ ಸಣ್ಣದಾಗಿ ಅಚ್ಚಾಗಿರುತ್ತದೆ.

ಅಂಕಿ ಸರಿಯಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಆಗ ಮೀಟರ್ ತೆರೆಯಬಹುದು. ಎಲ್ಲ ವೇಗದಲ್ಲೂ ಒಂದೇ 5 ಕಿ.ಮೀ. ವ್ಯತ್ಯಾಸವಾದರೆ ಮುಳ್ಳು ಕೂತ ಜಾಗ ತಪ್ಪು. ವೇಗ ಹೆಚ್ಚಿದಂತೆ ತೋರಿಸುವುದು ಇನ್ನಷ್ಟು ಕಡಿಮೆಯಾಗುತ್ತಾ ಹೋದರೆ ಮ್ಯಾಗ್ನೆಟ್ ಬಲ ಕಳೆದುಕೊಂಡಿರುವುದೇ ಹೆಚ್ಚು. ಅದಕ್ಕೆ ಮತ್ತೆ ಬಲ ತುಂಬುವುದು ಉಪಕರಣವಿರುವ ಮೀಟರ್ ರಿಪೇರಿಯವರ ಕೆಲಸ. ಮುಳ್ಳು ತೆಗೆಯುವ ಮೊದಲು ಅದನ್ನು ಸೊನ್ನೆಯ ಬಳಿ ತಡೆದು ನಿಲ್ಲಿಸುವ ಕಡ್ಡಿಯ ಮೇಲಿಂದ ಮೆಲ್ಲಗೆ ದಾಟಿಸಿ, ಸ್ಪ್ರಿಂಗ್ ಸಡಿಲವಾಗಿ ಅದು ತಾನಾಗಿ ನಿಲ್ಲುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಈ ಜಾಗ ಸೊನ್ನೆಗಿಂತ ಕೆಳಗಿರುತ್ತದೆ. ಮತ್ತೆ ಕೂರಿಸುವಾಗ ಆ ಗುರುತಿನಿಂದಲೇ ಲೆಕ್ಕ. ಸೊನ್ನೆಯ ಮೇಲೆ ಒತ್ತಿ ಕೂರಿಸಿದರೆ ಸ್ಪ್ರಿಂಗ್‌ನ ಮೊದಲ ಎಳೆತ ತಪ್ಪಿ ಮುಳ್ಳು ಎಲ್ಲ ವೇಗದಲ್ಲೂ ಹೆಚ್ಚು ತೋರಿಸುತ್ತದೆ.