ಹಲ್ಲಿಗೆ ಬಿಡುವು ಕೊಡಿ
ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು. ಹುಳುಕು ಹಲ್ಲು ತೋರಿಸಲು ಬಂದವರನ್ನು ದಿನಕ್ಕೆ ಎಷ್ಟು ಸಲ ಬಾಯಿಗೆ ಸಿಹಿ ಬೀಳುತ್ತದೆ ಅಂತ ಮೊದಲು ಕೇಳುತ್ತೇನೆ. "ನಾನು ಸಿಹಿ ತಿನ್ನೋದೇ ಕಮ್ಮಿ ಡಾಕ್ಟ್ರೇ" ಅನ್ನುವವರೇ ಜಾಸ್ತಿ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬರು ಹೀಗೇ ಅಂದರು. ಕೂರಿಸಿಕೊಂಡು ಲೆಕ್ಕ ಬರೆಸಿದೆ. ಎದ್ದ ಕೂಡಲೇ ಟೀ. ಅಂಗಡಿ ಬಾಗಿಲು ತೆಗೆದ ಮೇಲೆ ಬೈಟೂ. ಹನ್ನೊಂದಕ್ಕೆ ಬೈಟೂ, ಜೊತೆಗೆ ಬಿಸ್ಕತ್ತು. ಊಟ ಆದಮೇಲೆ ಬಣ್ಣದ ಸಿಹಿ ಸೋಂಪು. ಮೂರಕ್ಕೆ, ಐದಕ್ಕೆ, ಏಳಕ್ಕೆ ಮತ್ತೆ ಬೈಟೂ. ಪ್ರತಿ ಸಲವೂ ಅರ್ಧ ಕಪ್ಪೇ, ನಿಜ. ಆದರೆ ಹಲ್ಲು ಕೆಡಿಸುವುದಕ್ಕೆ ಅಷ್ಟು ಸಾಕು.

ಹಲ್ಲಿಗೆ ಅಂಟಿದ ಪಾಚಿಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಸಕ್ಕರೆ ಸಿಕ್ಕರೆ ಕೆಲವೇ ನಿಮಿಷದಲ್ಲಿ ಆಮ್ಲ ಮಾಡುತ್ತವೆ. ಆಮ್ಲ ಎಷ್ಟಿದೆ ಅಂತ ತೋರಿಸುವ ಅಳತೆ ಪಿಎಚ್; ಅದು ಇಳಿದಷ್ಟೂ ಆಮ್ಲ ಜಾಸ್ತಿ. ಸುಮಾರು 7 ಇದ್ದ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೋಗುತ್ತವೆ. 1940ರ ದಶಕದಲ್ಲಿ ಅಮೆರಿಕದ ದಂತ ಸಂಶೋಧಕ ರಾಬರ್ಟ್ ಸ್ಟೀಫನ್, ಗ್ಲೂಕೋಸ್ ನೀರು ಮುಕ್ಕಳಿಸಿದ ಮೇಲೆ ಹೀಗೆ ಇಳಿಯುವುದನ್ನು ಅಳೆದು ತೋರಿಸಿದರು. ಜೊಲ್ಲು ಇದನ್ನು ಮತ್ತೆ ಮೇಲಕ್ಕೆ ತರುತ್ತದೆ, ಕಳೆದುಹೋದ ಖನಿಜವನ್ನೂ ಒಂದಿಷ್ಟು ವಾಪಸ್ ಕೂರಿಸುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಬೈಟೂ ಬಂದರೆ?

ಹೋಳಿಗೆ, ಪಾಯಸ ಬಿಡಿ ಅಂತ ನಾನು ಹೇಳುವುದಿಲ್ಲ. ಊಟದ ಜೊತೆಗೇ ತಿನ್ನಿ, ಆಗ ಜೊಲ್ಲು ಚೆನ್ನಾಗಿ ಊರುತ್ತಿರುತ್ತದೆ. ಸಕ್ಕರೆ ಹಾಕಿದ ಟೀ ತಿಂಡಿಯ ಜೊತೆಗಿರಲಿ, ನಡುವಿನದು ಸಕ್ಕರೆ ಇಲ್ಲದೆ ಕುಡಿಯಿರಿ. ಬೆಲ್ಲದ ಟೀ ಆದರೂ ಹಲ್ಲಿಗೆ ಅಷ್ಟೇ. ಹಸಿವಾದರೆ ಹುರಿದ ಕಡಲೆಬೀಜ ತಿನ್ನಿ. ಚಿಕ್ಕಿ ಬೇಡ, ದವಡೆ ಹಲ್ಲಿನ ಸಂದಿಯಲ್ಲಿ ಅಂಟಿಕೊಂಡು ಬಹಳ ಹೊತ್ತು ಕೂರುತ್ತದೆ. ಏನು ತಿಂದರೂ ನೀರು ಮುಕ್ಕಳಿಸಿ.

ನಿಂಬೆ ಶರಬತ್ತು, ಕೋಲಾ ಕುಡಿದ ಕೂಡಲೇ ಬ್ರಷ್ ಮಾಡಬೇಡಿ. ಮೆತ್ತಗಾದ ಎನಾಮಲ್ ಉಜ್ಜಿದಾಗ ಸವೆಯುತ್ತದೆ. ಅರ್ಧ ಗಂಟೆ ತಡೆಯಿರಿ.

ರಾತ್ರಿ ಮಾತ್ರ ಕಟ್ಟುನಿಟ್ಟಾಗಿರಿ. ನಿದ್ದೆಯಲ್ಲಿ ಜೊಲ್ಲು ಊರುವುದೇ ಕಡಿಮೆ. ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ಇರುವ ಪೇಸ್ಟ್‌ನಿಂದ ಉಜ್ಜಿ, ನೊರೆ ಉಗುಳಿ, ಅಲ್ಲಿಗೆ ಬಿಡಿ. ಮತ್ತೆ ನೀರು ಹಾಕಿ ತೊಳೆದರೆ ಫ್ಲೋರೈಡೂ ಹೋಗುತ್ತದೆ. ಮಗುವಿನ ಬಾಯಲ್ಲಿ ಸಕ್ಕರೆ ಹಾಲಿನ ಬಾಟಲಿ ಇಟ್ಟು ಮಲಗಿಸುವುದನ್ನು ದಯವಿಟ್ಟು ನಿಲ್ಲಿಸಿ. ಮುಂದಿನ ನಾಲ್ಕು ಹಲ್ಲು ಕರಗಿ ಕಪ್ಪಗೆ ಮೊಂಡಾಗಿರುವ ಪುಟ್ಟ ಮಕ್ಕಳನ್ನು ನೋಡಿ ಹೊಟ್ಟೆ ಉರಿಯುತ್ತದೆ.

ನಿಮ್ಮ ಮಗುವನ್ನು ಬಿಸಿಲಿಗೆ ಕರೆತಂದು ಮೇಲ್ದುಟಿ ಎತ್ತಿ, ಹಲ್ಲನ್ನು ಬಟ್ಟೆಯಿಂದ ಒರೆಸಿ ನೋಡಿ. ಒಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಇದ್ದರೆ ಹುಳುಕು ಶುರುವಾಗಿರಬಹುದು. ಒಮ್ಮೆ ಡಾಕ್ಟರಿಗೆ ತೋರಿಸಿ. ಈ ಹಂತದಲ್ಲಿ ಫ್ಲೋರೈಡ್ ಮತ್ತು ಊಟದ ನಡುವಿನ ಬಿಡುವಿನಿಂದಲೇ ಅದನ್ನು ತಡೆಯಬಹುದು. ಗುಳಿ ಬಿದ್ದಿದ್ದರೆ ಮಾತ್ರ ಯಾವ ಪೇಸ್ಟೂ ತುಂಬುವುದಿಲ್ಲ. ನೋವು ಬರುವ ತನಕ ಕಾಯಬೇಡಿ.