ಚೋಬೆ ನದಿಗೆ ಹೊರಡುವ ಮುನ್ನ

ಆಫ್ರಿಕಾ ಸಫಾರಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮಸಾಯ್ ಮಾರಾದ ಜೀಪೇ ಕಣ್ಣ ಮುಂದೆ ಬರುತ್ತದೆ. ದೋಣಿಯಲ್ಲಿ ಕುಳಿತು, ನೀರಿನ ಮಟ್ಟದಿಂದ ತಲೆಯೆತ್ತಿ ಆನೆಗಳನ್ನು ನೋಡಬೇಕೆಂಬ ಆಸೆ ಇದ್ದರೆ ಬೋಟ್ಸ್ವಾನಾದ ಉತ್ತರ ತುದಿಯಲ್ಲಿ ಹರಿಯುವ ಚೋಬೆ ನದಿಗೆ ಹೋಗಿ. ಆ ದೇಶದಲ್ಲಿ ಸುಮಾರು 1.3 ಲಕ್ಷ ಆನೆಗಳಿವೆ.

ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಿ, ಟಿಕೆಟ್ ಆಮೇಲೆ. ಅಲ್ಲಿ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ. ಅನಂತರ ಕಾಡಿನ ಹೊಂಡಗಳು ಬತ್ತಿದಂತೆಲ್ಲ ಪ್ರಾಣಿಗಳು ನದಿಯತ್ತ ಸರಿಯುತ್ತವೆ. ನಮ್ಮ ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಇಳಿಯುವ ಹಾಗೆಯೇ ಇದು. ಆದರೆ ಅಲ್ಲಿನ ಕಾಲ ಆಗಸ್ಟ್‌ನಿಂದ ಅಕ್ಟೋಬರ್. ಅಕ್ಟೋಬರ್ ಬಿಸಿಲು ಬಹಳ ಕಠಿಣ, ಹಿರಿಯರು ಜೊತೆಗಿದ್ದರೆ ಸೆಪ್ಟೆಂಬರ್ ಒಳ್ಳೆಯದು.

ಬೆಂಗಳೂರಿನಿಂದ ಆಡಿಸ್ ಅಬಾಬಾ, ದುಬೈ ಅಥವಾ ದೋಹಾ ಮೂಲಕ ಜೊಹಾನ್ಸ್‌ಬರ್ಗ್ ತಲುಪಿ, ಅಲ್ಲಿಂದ ಚೋಬೆ ದಡದ ಕಸಾನೆ ಊರಿಗೆ ಇನ್ನೊಂದು ವಿಮಾನ ಹಿಡಿಯಬೇಕು. ಎರಡು ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡಿದ್ದರೆ, ಮೊದಲನೆಯ ವಿಮಾನ ತಡವಾದಾಗ ಎರಡನೆಯದರ ಹಣ ಹೋದಂತೆಯೇ. ಆದ್ದರಿಂದ ಜೊಹಾನ್ಸ್‌ಬರ್ಗ್‌ನಲ್ಲಿ ಎರಡು ರಾತ್ರಿ ಇಟ್ಟುಕೊಳ್ಳಿ. ಇದನ್ನು ಬರಿಯ ಕಾಯುವಿಕೆ ಎಂದುಕೊಳ್ಳಬೇಡಿ. ಕಾನ್‌ಸ್ಟಿಟ್ಯೂಷನ್ ಹಿಲ್‌ನ ಹಳೆಯ ಕೋಟೆ ಜೈಲಿನಲ್ಲಿ 1908ರಲ್ಲಿ ಗಾಂಧೀಜಿಯನ್ನೂ 1962ರಲ್ಲಿ ಮಂಡೇಲಾ ಅವರನ್ನೂ ಇರಿಸಲಾಗಿತ್ತು. ಅದೇ ಆವರಣದಲ್ಲಿ ಇಂದು ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯವಿದೆ. ಭಾರತೀಯರಾದ ನಾವು ಇದನ್ನು ನೋಡದೆ ಮುಂದೆ ಹೋಗಬಾರದು. ಇಡೀ ಬೆಳಗ್ಗೆಯನ್ನು ಇದಕ್ಕೇ ಮೀಸಲಿಡಿ. ಮಧ್ಯಾಹ್ನಕ್ಕೆ ಅಲ್ಲಿನ ವರ್ಣಭೇದ ನೀತಿಯ ಕಥೆ ಹೇಳುವ ಅಪಾರ್ತೀಡ್ ಮ್ಯೂಸಿಯಂ. ಸಸ್ಯಾಹಾರಿಗಳಿಗೆ ಭಾರತೀಯ ಮೂಲದವರ ಹೋಟೆಲುಗಳಿರುವ ಫೋರ್ಡ್ಸ್‌ಬರ್ಗ್ ಬಡಾವಣೆ ಅನುಕೂಲ. ಕತ್ತಲಾದ ಮೇಲೆ ನಡೆದು ತಿರುಗಾಡಬೇಡಿ, ಟ್ಯಾಕ್ಸಿ ಕರೆಸಿಕೊಳ್ಳಿ.

ವೀಸಾ ವಿಷಯದಲ್ಲಿ ಹಲವರು ಎಡವುವುದು ಒಂದೇ ಕಡೆ. ಮರಳುವಾಗಲೂ ಜೊಹಾನ್ಸ್‌ಬರ್ಗ್‌ನಲ್ಲಿ ಇಳಿದು ಹೊರಬರುವವರಿಗೆ ದಕ್ಷಿಣ ಆಫ್ರಿಕಾವನ್ನು ಎರಡನೆಯ ಸಲ ಪ್ರವೇಶಿಸಬೇಕಾಗುತ್ತದೆ. ಅರ್ಜಿಯಲ್ಲೇ ಒಂದಕ್ಕಿಂತ ಹೆಚ್ಚು ಪ್ರವೇಶದ ವೀಸಾ ಕೇಳಿ. ಬೋಟ್ಸ್ವಾನಾದ ನಿಯಮವನ್ನು ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಓದಿದ ಮೇಲೆಯೇ ಹಣ ಕಟ್ಟಿ. ಚೋಬೆ ಸುತ್ತ ಮಲೇರಿಯಾ ಇದೆ, ಮಾತ್ರೆಗಾಗಿ ವೈದ್ಯರನ್ನು ಮುಂಚಿತವಾಗಿ ಕಾಣಿ. ದಾರಿಯಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾ ನಗರವನ್ನೂ ಸುತ್ತುವ ಯೋಚನೆಯಿದ್ದರೆ ಹಳದಿ ಜ್ವರದ ಲಸಿಕೆ ಬೇಕು, ಅದೂ ಹೊರಡುವ ಕನಿಷ್ಠ 10 ದಿನ ಮೊದಲು. ಪ್ರಮಾಣಪತ್ರವಿಲ್ಲದೆ ಮರಳಿದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಕಸಾನೆಯಲ್ಲಿ ಮೂರು ರಾತ್ರಿಗಿಂತ ಕಡಿಮೆ ಬೇಡ. ಬೆಳಗ್ಗೆ ಜೀಪು, ಮಧ್ಯಾಹ್ನದ ನಂತರ ದೋಣಿ. ಬಿಸಿಲೇರಿದ ಮೇಲೆ ಆನೆಗಳು ನೀರಿಗೆ ಬರುವುದರಿಂದ ಈ ಕ್ರಮವೇ ಸರಿ. ಮಹಡಿಯಿರುವ ದೊಡ್ಡ ದೋಣಿ ಅಗ್ಗ, ಆದರೆ ದಡಕ್ಕೆ ಹತ್ತಿರ ಹೋಗಲಾರದು. ಸ್ವಲ್ಪ ಹೆಚ್ಚು ಕೊಟ್ಟು ಎಂಟು ಹತ್ತು ಜನರ ಸಣ್ಣ ದೋಣಿಯನ್ನೇ ಹಿಡಿಯಿರಿ. ನದಿಯ ನಡುವೆ ಸೆಡುಡು ಎಂಬ ಹುಲ್ಲಿನ ದ್ವೀಪವಿದೆ. ಇದು ಯಾರದೆಂದು ಬೋಟ್ಸ್ವಾನಾ ಮತ್ತು ನಮೀಬಿಯಾ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋಗಿದ್ದವು. 1999ರಲ್ಲಿ ತೀರ್ಪು ಬೋಟ್ಸ್ವಾನಾದ ಪರವಾಗಿ ಬಂತು. ಈ ಹುಲ್ಲಿಗಾಗಿ ಆನೆಗಳು ಸೊಂಡಿಲನ್ನು ಮೇಲೆತ್ತಿ, ಮರಿಗಳನ್ನು ನಡುವೆ ಇಟ್ಟುಕೊಂಡು ಈಜಿ ಬರುತ್ತವೆ. ಆಗ ಎಂಜಿನ್ ನಿಲ್ಲಿಸಿ, ಅವುಗಳಿಗೆ ದಾರಿ ಬಿಡುವಂತೆ ಚಾಲಕರಿಗೆ ಹೇಳಲು ಹಿಂಜರಿಯಬೇಡಿ. ಹತ್ತಿರದ ಫೋಟೊಗಿಂತ ಆ ಮರಿಗಳ ನೆಮ್ಮದಿ ದೊಡ್ಡದು. ನೀರಾನೆ, ಮೊಸಳೆಗಳಿರುವ ನೀರಿಗೆ ಕೈ ಇಳಿಬಿಡಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿ.

ಇನ್ನೊಂದು ದಿನ ಉಳಿದಿದ್ದರೆ ವಿಕ್ಟೋರಿಯಾ ಜಲಪಾತ ಸುಮಾರು 80 ಕಿಲೋಮೀಟರ್ ದೂರ, ನಡುವೆ ಗಡಿ ತಪಾಸಣೆ. ಜಲಪಾತ ಭೋರ್ಗರೆಯುವುದು ಏಪ್ರಿಲ್ ಸುಮಾರಿಗೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಾಂಬಿಯಾ ಕಡೆ ಬಂಡೆಯೇ ಹೆಚ್ಚು ಕಾಣುವುದರಿಂದ ಜಿಂಬಾಬ್ವೆ ಕಡೆಯಿಂದ ನೋಡಿ. ಅದಕ್ಕೆ ಬೇಕಾದ ವೀಸಾವನ್ನೂ ಊರಿನಲ್ಲಿರುವಾಗಲೇ ವಿಚಾರಿಸಿಕೊಳ್ಳಿ.