ಹಳ್ಳಿಯಿಂದ ಬೆಳಗಾವಿ ಕಾಲೇಜಿಗೆ: ಮೊದಲ ಸೆಮಿಸ್ಟರ್ ದಾಟುವುದು ಹೇಗೆ?

ನಮ್ಮ ಅಣ್ಣನ ಮಗಳು ಪಿಯುಸಿ ಮುಗಿಸಿ ಸವದತ್ತಿ ಕಡೆಯ ಹಳ್ಳಿಯಿಂದ ಬೆಳಗಾವಿಗೆ ಬಿ.ಕಾಂ. ಓದಲು ಬರುತ್ತಿದ್ದಾಳೆ. ದಿನಾ ಸಂಜೆ ಫೋನು. "ಕಾಕಾ, ಅರ್ಜಿ ಎಲ್ಲಿ ಹಾಕೂದು?" "ಕಾಕಾ, ಹಾಸ್ಟೆಲ್ ಸಿಗತೈತೇನು?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬಾಗಲಕೋಟೆ, ವಿಜಯಪುರ ಕಡೆ ಓದುವ ಮಕ್ಕಳಿಗೂ ಬಹುಪಾಲು ಇದೇ ದಾರಿ.

ತಂಗಿ, ಮೊದಲೇ ಒಂದು ಮಾತು. ಹೈಸ್ಕೂಲಿನಲ್ಲಿ ಮಾಸ್ತರರು ಹೆಸರು ಹಿಡಿದು ಕರೆದು "ನಾಳೆ ಇದು ತಾ, ಅದು ತಾ" ಅನ್ನುತ್ತಿದ್ದರು. ಕಾಲೇಜಿನಲ್ಲಿ ನೋಟಿಸ್ ಬೋರ್ಡಿಗೆ ಒಂದು ಹಾಳೆ ಹಚ್ಚುತ್ತಾರೆ, ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೋ ಹಾಕುತ್ತಾರೆ, ಅಷ್ಟೇ. ಉಳಿದಿದ್ದನ್ನು ನೀನೇ ಕೇಳಿ ತಿಳಿಯಬೇಕು. ಕೌಂಟರಿನ ಮುಂದೆ ನಿಂತು ಕೇಳಲು ನಾಚಿಕೊಂಡವರ ಕೆಲಸವೇ ಹಿಂದೆ ಬೀಳೋದು. ಮುಂದೆ ಬರುವ ಎಲ್ಲ ಹಂತದಲ್ಲೂ ಇದು ನೆನಪಿರಲಿ.

ಹೆಸರು, ಆಧಾರ್, ಬ್ಯಾಂಕ್ ಖಾತೆ

ಕಾಲೇಜು ಯಾವುದು ಅನ್ನುವುದಕ್ಕೂ ಮೊದಲು ಕಾಗದಪತ್ರ ತೆಗೆದು ಚಾಪೆಯ ಮೇಲೆ ಹರವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದು. ಒಂದರಲ್ಲಿ ಬರೀ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಒಂದರಲ್ಲಿ ಅಪ್ಪ ಬಸವರಾಜ, ಇನ್ನೊಂದರಲ್ಲಿ ಬಸಪ್ಪ. ಊರಲ್ಲಿ ಇಬ್ಬರೂ ಒಬ್ಬರೇ ಅಂತ ಎಲ್ಲರಿಗೂ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳಬಹುದು. ತಪ್ಪು ಇದ್ದರೆ ಆಧಾರ್ ತಿದ್ದಿಸಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಿಸಿಕೊ. ಅಂಕಪಟ್ಟಿ ತಿದ್ದಿಸಲು ಹೋದರೆ ಓಡಾಟ ಬಹಳ.

ಬ್ಯಾಂಕಿನ ಕೆಲಸವನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ. ನಿನ್ನ ಖಾತೆ ಶಾಲೆಯಲ್ಲಿದ್ದಾಗ ತೆರೆದದ್ದು ಅಲ್ವಾ? ಅದು ಅಪ್ರಾಪ್ತರ ಖಾತೆ. 18 ತುಂಬಿದ ಮೇಲೆ ಹೊಸದಾಗಿ ಸಹಿ, ಫೋಟೋ, ಕೆವೈಸಿ ಕೊಡಬೇಕು. ಎರಡು ವರ್ಷ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವೂ ಆಗುತ್ತದೆ. ಕೌಂಟರಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ?" ಅಂತ ಕೇಳಿದರೆ ಸಾಲದು. "ಎನ್‌ಪಿಸಿಐ ಮ್ಯಾಪಿಂಗ್ ಇದೇ ಖಾತೆಗೆ ಆಗಿದೆಯಾ?" ಅಂತ ಕೇಳು. ಎನ್‌ಪಿಸಿಐ ಅಂದರೆ ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆ. ಸರ್ಕಾರದ ದುಡ್ಡು ಆಧಾರ್ ಹಿಡಿದು ಬರುತ್ತದೆ, ಕೊನೆಗೆ ಯಾವ ಖಾತೆಗೆ ಮ್ಯಾಪಿಂಗ್ ಆಗಿರುತ್ತದೋ ಅಲ್ಲಿಗೇ ಬೀಳುತ್ತದೆ. ನಡುವೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲೂ ಆಧಾರ್ ಜೋಡಿಸಿದ್ದರೆ, ನೀನು ಈ ಪಾಸ್‌ಬುಕ್ ನೋಡುತ್ತಾ ಕೂತಿರುತ್ತೀ, ದುಡ್ಡು ಆ ಖಾತೆಯಲ್ಲಿರುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಆದಾಯದ್ದು 5 ವರ್ಷ ನಡೆಯುತ್ತದೆ. ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಇದೆ ಅಂತ ಸುಮ್ಮನಿರಬೇಡ, ಅದರ ಮೇಲಿನ ತಾರೀಖು ನೋಡು. ಪ್ರಮಾಣಪತ್ರದಲ್ಲಿ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇರುತ್ತದೆ. ಎಲ್ಲ ಅರ್ಜಿಯಲ್ಲೂ ಕೇಳೋದು ಅದನ್ನೇ.

ಊರಲ್ಲಿ ಇರುವಾಗಲೇ ಇನ್ನೆರಡು ಕಾಗದ ಮಾಡಿಸಿಕೊ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದಕ್ಕೆ ಗ್ರಾಮೀಣ ಅಭ್ಯಾಸ ಪ್ರಮಾಣಪತ್ರ, ಕನ್ನಡದಲ್ಲಿ ಓದಿದ್ದಕ್ಕೆ ಕನ್ನಡ ಮಾಧ್ಯಮ ಪ್ರಮಾಣಪತ್ರ. ಹೆಡ್‌ಮಾಸ್ತರರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಎರಡೂ ಬೇಕು. ಮುಂದೆ ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗಲೂ ಇವು ಬೇಕಾಗುತ್ತವೆ.

ವಿಜಯಪುರದ ಮಕ್ಕಳಿಗೆ ಒಂದು ವಿಷಯ. ನಿಮ್ಮೂರ ಬಸ್ಸಿನ ಮೇಲೆ ಕಲ್ಯಾಣ ಕರ್ನಾಟಕ ಅಂತ ಬರೆದಿರುತ್ತದೆ. ಅದನ್ನು ನೋಡಿ ಸಂವಿಧಾನದ 371-ಜೆ ವಿಧಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ಮೀಸಲಾತಿ ನಮಗೂ ಇದೆ ಅಂದುಕೊಳ್ಳಬೇಡಿ. ಅದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ 7 ಜಿಲ್ಲೆಗೆ ಮಾತ್ರ.

ಕಾಲೇಜು ನೋಡಿ ಬಾ

ನಮ್ಮ ಮೂರು ಜಿಲ್ಲೆಯಲ್ಲಿ ಕಾಲೇಜಿಗೇನೂ ಬರ ಇಲ್ಲ. ಬಾಗಲಕೋಟೆಯ ಬಿವಿವಿ ಸಂಘ 1906ರದ್ದು, ವಿಜಯಪುರದ ಬಿಎಲ್‌ಡಿಇ 1910ರದ್ದು, ಬೆಳಗಾವಿಯ ಕೆಎಲ್‌ಇ 1916ರದ್ದು. ವಿಜಯಪುರದಲ್ಲಿ 2003ರಿಂದ ಮಹಿಳಾ ವಿಶ್ವವಿದ್ಯಾಲಯವೇ ಇದೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆಗುವ ಮೊದಲು ಬೆಳಗಾವಿಯ ಡಿಗ್ರಿ ಮಕ್ಕಳು ಏನಿದ್ದರೂ ಧಾರವಾಡದ ಕಡೆ ಮುಖ ಮಾಡಬೇಕಿತ್ತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಾಲ್ಲೂಕುಗಳಲ್ಲೂ ಇವೆ, ಫೀ ಕಡಿಮೆ. ಅವನ್ನು ಕೀಳಾಗಿ ನೋಡುವವರ ಮಾತು ಕೇಳಬೇಡ.

ಕಟ್ಟಡ ನೋಡಿ ಕಾಲೇಜು ಆರಿಸಬೇಡ. ಕೆಲಸದ ದಿನ ಬೆಳಿಗ್ಗೆ 11ಕ್ಕೆ ಹೋಗಿ ವರಾಂಡದಲ್ಲಿ ಒಂದು ಸುತ್ತು ಹಾಕು. ಕ್ಲಾಸು ನಡೆದಿವೆಯಾ? ಗ್ರಂಥಾಲಯದಲ್ಲಿ ಹುಡುಗಿಯರು ಕೂತಿದ್ದಾರಾ? ಕ್ಯಾಂಟೀನಿನಲ್ಲಿ ಎರಡನೇ ವರ್ಷದ ಒಬ್ಬಳನ್ನು ಮಾತಾಡಿಸಿ "ನಿಮ್ಮ ವಿಷಯಕ್ಕೆ ಕಾಯಂ ಸರ್ ಇದ್ದಾರಾ, ಪಾಠ ಪೂರ್ತಿ ಆಗುತ್ತದಾ?" ಅಂತ ಕೇಳು. ನನ್ನ ಪ್ರಕಾರ ಜಾಹೀರಾತಿಗಿಂತ ಈ ಹತ್ತು ನಿಮಿಷದ ಮಾತು ಜಾಸ್ತಿ ಹೇಳುತ್ತದೆ.

ಅರ್ಜಿ ಹಾಕುವುದು ಯುಯುಸಿಎಂಎಸ್ ಎಂಬ ಸರ್ಕಾರಿ ಪೋರ್ಟಲ್ಲಿನಲ್ಲಿ. ಸೈಬರ್ ಕೆಫೆಯಲ್ಲಿ ಹಾಕಿಸಿದರೂ ಮೊಬೈಲ್ ನಂಬರ್ ನಿನ್ನದೇ ಕೊಡು, ಪಾಸ್‌ವರ್ಡ್ ಬರೆದುಕೊ. ಕೆಫೆಯವರ ನಂಬರಿಗೆ ಓಟಿಪಿ ಹೋದರೆ ಮೂರು ವರ್ಷ ಅವರ ಬಾಗಿಲಿಗೆ ಅಲೆಯಬೇಕಾಗುತ್ತದೆ. ಟಿಸಿ, ಅಂಕಪಟ್ಟಿಯ ಮೂಲ ಪ್ರತಿ ಕೊಡುವ ಮೊದಲು ಝೆರಾಕ್ಸ್ ತೆಗೆಸು, ಫೋನಿನಲ್ಲೂ ಸ್ಕ್ಯಾನ್ ಮಾಡಿ ಇಟ್ಟುಕೊ.

ವಿದ್ಯಾರ್ಥಿವೇತನ ಬೇರೆ, ಹಾಸ್ಟೆಲ್ ಬೇರೆ

ಇವೆರಡಕ್ಕೂ ಒಂದೇ ಅರ್ಜಿ ಅಂದುಕೊಂಡು ಹಾಸ್ಟೆಲ್ ಕಳೆದುಕೊಳ್ಳುವವರಿದ್ದಾರೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಅನ್ನುವ ಪೋರ್ಟಲ್, ಸರ್ಕಾರಿ ಹಾಸ್ಟೆಲಿಗೆ ಎಸ್‌ಎಚ್‌ಪಿ ಅನ್ನುವ ಪೋರ್ಟಲ್. ಎಸ್‌ಎಸ್‌ಪಿಗೆ ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ ಮಾಡಿಸಬೇಕು. ಆ ಅಧಿಕಾರಿ ಯಾರು, ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಮೊದಲ ವಾರವೇ ಆಫೀಸಿನಲ್ಲಿ ಕೇಳು. ಕೊನೆ ತಾರೀಖು ಮುಂದೆ ಹೋಗುತ್ತದೆ ಅಂತ ಕಾಯುತ್ತಾ ಕೂಡಬೇಡ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ-ವಸತಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು ದುಡ್ಡು ಕೊಡುತ್ತಾರೆ. ಅದು ತಿಂಗಳ ಪಗಾರದ ಹಾಗೆ ಕೈಗೆ ಬರೋದಿಲ್ಲ, ತಡವಾಗುತ್ತದೆ. ಅದನ್ನೇ ನಂಬಿ ಖೋಲಿ ಹಿಡಿಯಬೇಡ.

ಓಡಾಟ, ಖೋಲಿ, ಮಳೆ

ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿನಗೆ ಟಿಕೆಟ್ ದುಡ್ಡಿಲ್ಲ, ಆದರೆ ಶೂನ್ಯ ಟಿಕೆಟ್ ಪಡೆಯಲೇಬೇಕು. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು. ಗೋಕಾಕ ರೋಡ್, ಘಟಪ್ರಭಾ, ರಾಯಬಾಗ ಕಡೆಯವರು ರೈಲಿನ ವಿದ್ಯಾರ್ಥಿ ಮಾಸಿಕ ಪಾಸನ್ನೂ ವಿಚಾರಿಸಬಹುದು. ದಿನಾ ಹೋಗಿ ಬರುವುದಾದರೆ ಒಂದು ತಾಸಿನ ಓಡಾಟ ನಡೆಯುತ್ತದೆ. ಎರಡು ತಾಸು ಆದರೆ ಓದು ಉಳಿಯೋದಿಲ್ಲ, ಸಂಜೆ ಬಂದು ನಿದ್ದೆಯೇ ಸೈ.

ಖೋಲಿ ಹಿಡಿದರೆ ಡಿಪಾಸಿಟ್ಟಿಗೆ ರಸೀದಿ ಇಸ್ಕೊ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಮಾಲೀಕರನ್ನಲ್ಲ, ಈಗಿರುವ ಹುಡುಗಿಯರನ್ನು ಕೇಳು. ಖಾನಾವಳಿಗೆ ತಿಂಗಳ ದುಡ್ಡು ಕಟ್ಟುವ ಮೊದಲು ಒಂದೆರಡು ಹೊತ್ತು ಉಂಡು ನೋಡು. ಮೊದಮೊದಲು ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಹಳ ಆಸರೆ.

ಬೆಳಗಾವಿ ಮಳೆ ನಮ್ಮ ಎರೆಹೊಲದ ಮಳೆಯಂಥದ್ದಲ್ಲ. ಜುಲೈ, ಆಗಸ್ಟಿನಲ್ಲಿ ಜಿಟಿಜಿಟಿ ಹಿಡಿದರೆ ದಿನಗಟ್ಟಲೆ ಬಿಡೋದಿಲ್ಲ, ಬಟ್ಟೆ ಒಣಗೋದಿಲ್ಲ. ಕೊಡೆ, ರೇನ್‌ಕೋಟ್, ಇನ್ನೊಂದು ಜೊತೆ ಚಪ್ಪಲಿ, ಪುಸ್ತಕ ಸುತ್ತಲು ದಪ್ಪ ಪ್ಲಾಸ್ಟಿಕ್ ಚೀಲ ತಪ್ಪದೆ ತಾ.

ಕ್ಲಾಸಿನಲ್ಲಿ ಮೊದಲ ತಿಂಗಳು

ನನಗೆ ನಿನ್ನ ಬಗ್ಗೆ ಕಾಳಜಿ ಇರೋದು ಇಲ್ಲೇ. ಕನ್ನಡ ಮಾಧ್ಯಮದಿಂದ ಬಂದ ಜಾಣ ಮಕ್ಕಳು ಮೊದಲ ತಿಂಗಳಲ್ಲೇ "ನನಗೇನೂ ತಿಳಿಯಲ್ಲ" ಅಂತ ಹಿಂದಿನ ಬೆಂಚಿಗೆ ಸರಿದುಬಿಡುತ್ತಾರೆ. ಅವರಿಗೆ ವಿಷಯ ಬರುತ್ತಿರುತ್ತದೆ. ಅಡ್ಡ ಬರೋದು ಇಂಗ್ಲಿಷು. ನೀನು ಅಕೌಂಟೆನ್ಸಿಯನ್ನು ಕನ್ನಡದಲ್ಲಿ ಓದಿದವಳು. ಸವಕಳಿ ಹೇಗೆ ಕಳೆಯಬೇಕು, ಅಢಾವೆ ಪತ್ರಿಕೆ ಹೇಗೆ ಹೊಂದಬೇಕು ಅಂತ ನಿನಗೆ ಚೆನ್ನಾಗಿ ಗೊತ್ತು. ಸರ್ ಅದನ್ನೇ ಡಿಪ್ರಿಸಿಯೇಷನ್, ಬ್ಯಾಲೆನ್ಸ್ ಶೀಟ್ ಅನ್ನುತ್ತಾರೆ.

ಹೀಗೆ ಮಾಡು. ಒಂದು ಸಣ್ಣ ನೋಟ್‌ಬುಕ್ ಬೇರೆಯೇ ಇಡು. ಹಾಳೆಯ ನಡುವೆ ಉದ್ದಕ್ಕೆ ಗೆರೆ ಎಳೆ. ತಿಳಿಯದ ಪದ ಕಿವಿಗೆ ಬಿದ್ದ ಕೂಡಲೇ ಎಡಗಡೆ ಕನ್ನಡ ಅಕ್ಷರದಲ್ಲೇ ಬರೆದುಕೊ, ಸ್ಪೆಲ್ಲಿಂಗಿಗೆ ತಲೆ ಕೆಡಿಸಿಕೊಳ್ಳಬೇಡ, ಪಾಠ ಮುಂದೆ ಹೋಗಿಬಿಡುತ್ತದೆ. ಸಂಜೆ ಪುಸ್ತಕ ತೆಗೆದು ಆ ಪದ ಹುಡುಕಿ ಸ್ಪೆಲ್ಲಿಂಗ್ ಬರೆ, ಬಲಗಡೆ ಕನ್ನಡದ ಅರ್ಥ ಬರೆ. ಒಂದು ಅಧ್ಯಾಯದಲ್ಲಿ ತಿರುತಿರುಗಿ ಬರುವ ಪದಗಳು ಸುಮಾರು 20-25 ಇರುತ್ತವೆ, ಅಷ್ಟೇ. ಅವು ಬಂದರೆ ಪಾಠ ಬಿಚ್ಚಿಕೊಳ್ಳುತ್ತದೆ. ಆಮೇಲೂ ತಿಳಿಯದಿದ್ದರೆ ಸ್ಟಾಫ್ ರೂಮಿಗೆ ಹೋಗಿ "ಸರ್, ಇದೊಂದು ಕನ್ನಡದಲ್ಲಿ ಹೇಳ್ತೀರಾ?" ಅನ್ನು. ಇಷ್ಟು ಕೇಳಿದವಳ ಹೆಸರು ಸರ್ ಮರೆಯೋದಿಲ್ಲ. ಕನ್ನಡದಲ್ಲಿ ಪರೀಕ್ಷೆ ಬರೆಯಲು ಯಾವ ವಿಷಯಕ್ಕೆ ಅವಕಾಶ ಇದೆ ಅಂತಲೂ ಆಗಲೇ ಕೇಳಿಕೊ.

ಅಕ್ಕ-ಅಣ್ಣಂದಿರ ಹಳೆಯ ನೋಟ್ಸ್ ಇಸ್ಕೊಳ್ಳುವಾಗ ಅದು ಯಾವ ಪಠ್ಯಕ್ರಮದ್ದು ನೋಡು. 2021ರಲ್ಲಿ ಡಿಗ್ರಿಗೆ ನಾಲ್ಕು ವರ್ಷದ ಪದ್ಧತಿ ಬಂದಿತ್ತು, 2024-25ರಿಂದ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್ ಆಯಿತು. ಪಾಠಗಳೂ ಬದಲಾದವು.

ಪಕ್ಕದ ಹುಡುಗಿ ಮರಾಠಿ ಮಾತಾಡಿದರೆ ದೂರ ಸರಿಯಬೇಡ. ವರ್ಷ ತುಂಬುವುದರೊಳಗೆ ನಿನಗೆ ಮರಾಠಿ, ಅವಳಿಗೆ ಕನ್ನಡ ಬಂದಿರುತ್ತದೆ.

ತೊಂದರೆ ಬಂದರೆ

ಯಾರಾದರೂ ರ್‍ಯಾಗಿಂಗ್ ಮಾಡಿದರೆ ಸಹಿಸಿಕೊಂಡು ಕೂಡಬೇಡ. ಪ್ರಿನ್ಸಿಪಾಲರಿಗೆ ಹೇಳು, ಇಲ್ಲವೇ 1800-180-5522ಕ್ಕೆ ಫೋನ್ ಮಾಡು. ಮನಸ್ಸಿಗೆ ಬಹಳ ಭಾರ ಅನಿಸಿದರೆ 14416, ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ವಾರ ಮನೆ ನೆನಪಾಗಿ ಅಳು ಬರುತ್ತದೆ, ಬರಲಿ. ನಮ್ಮ ಮನೆಯೂ ಇಲ್ಲೇ ಇದೆ. ಭಾನುವಾರ ಊಟಕ್ಕೆ ಬಾ, ಕಾಕಿ ಕೇಳುತ್ತಲೇ ಇರುತ್ತಾಳೆ.

ಹಾಜರಿ ಮತ್ತು ಇಂಟರ್ನಲ್

ಅಣ್ಣಾ, ಇದು ನಿನಗೂ ಸೇರಿ. ಹಾಜರಿ 75 ಪ್ರತಿಶತ ಬೇಕು. ಸೆಮಿಸ್ಟರಿನಲ್ಲಿ 90 ದಿನ ಕ್ಲಾಸು ಅಂತ ಹಿಡಿದರೆ 22 ದಿನಕ್ಕಿಂತ ಜಾಸ್ತಿ ತಪ್ಪಿಸುವಂತಿಲ್ಲ. ಜ್ವರ, ಬಸ್ಸು ತಪ್ಪಿದ್ದು, ಮಳೆ ಅಂತ ಅರ್ಧ ಅದಕ್ಕೇ ಹೋಗುತ್ತದೆ. ಬನದ ಹುಣ್ಣಿಮೆಗೆ ಮಗಳನ್ನು ಕರೆಸಿಕೊ. ಎಲ್ಲಮ್ಮನ ಜಾತ್ರೆ ತಪ್ಪಿಸು ಅಂತ ಯಾರು ಹೇಳಿಯಾರು? ಆದರೆ ನೆಂಟರ ಪ್ರತಿ ಮದುವೆ, ಸೀಮಂತ, ಜವಳಕ್ಕೆ ಮಗಳನ್ನು ಕರೆಸಬೇಡ.

ತಂಗಿ, ಇಂಟರ್ನಲ್ ಪರೀಕ್ಷೆ, ಅಸೈನ್‌ಮೆಂಟ್ ಒಂದನ್ನೂ ಬಿಡಬೇಡ. ಇಲ್ಲಿ ಬಂದ ಅಂಕ ಕೊನೆಯ ಪರೀಕ್ಷೆಯ ಅಂಕಕ್ಕೆ ಕೂಡುತ್ತದೆ. ಅಸೈನ್‌ಮೆಂಟ್ ಕೊಟ್ಟಾಗ ರಿಜಿಸ್ಟರಿನಲ್ಲಿ ಸಹಿ ಮಾಡು. ಅಂಕದ ಪಟ್ಟಿ ಬೋರ್ಡಿಗೆ ಹಚ್ಚಿದ ದಿನವೇ ನಿನ್ನ ನೋಂದಣಿ ಸಂಖ್ಯೆ ಹುಡುಕಿ ಫೋಟೋ ತೆಗೆದುಕೊ. ಹೊಂದದಿದ್ದರೆ ಅವತ್ತೇ ವಿಭಾಗದ ಮುಖ್ಯಸ್ಥರಿಗೆ ಬರೆದು ಕೊಡು. ಅಂಕ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ತಿದ್ದಿಸುವುದು ಬಹಳ ತ್ರಾಸು.